ಅಂಗಳದಲ್ಲಿ ಭತ್ತ

ಅದಿರು ಲಾರಿಗಳ ಧೂಳಿಗೆ ನನ್ನ ಹೆಂಡತಿಯ ಉಬ್ಬಸ ಹೆಚ್ಚಾಯಿತೆಂದು ಹೊಸಪೇಟೆಯ ಮನೆ ಬಿಟ್ಟು ಬುಕ್ಕಸಾಗರಕ್ಕೆ ಬಂದವರು ನಾವು. ಊರು ಬದಲಾಯಿಸಿದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದ ವಾರದಲ್ಲೇ ನಾನು ಜಾಗ ನೋಡಿ ಮಾತು ಕೊಟ್ಟು ಬಂದೆ. ಸುತ್ತ ಗದ್ದೆ, ಆಚೆ ಹೊಳೆ, ಗಾಳಿಗೇನು ಕೊರತೆ? ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಹೊಸ ಮನೆಯ ಮುಂದೆ ಅಗಲವಾದ ಸಿಮೆಂಟ್ ಅಂಗಳ ಹಾಕಿಸಿದೆ. ಗೃಹಪ್ರವೇಶದ ದಿನ ಊಟಕ್ಕೆ ಬಂದ ಓಣಿಯವರಿಗೆಲ್ಲ ಕೈಮುಗಿದು, "ಇದು ನಿಮ್ಮದ ಮನಿ ಅಂತ ತಿಳ್ಕೊರಿ" ಎಂದೆ. ಹೊಸಪೇಟೆಯಲ್ಲಿ ಈ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಆದರೆ ಎಲ್ಲೂ ಒಂದು ಲೋಟ ನೀರನ್ನೂ ನಾನಾಗಿ ತೆಗೆದುಕೊಂಡು ಕುಡಿದವನಲ್ಲ. ಇಲ್ಲಿ ಹಾಗಲ್ಲ. ಕೊಯ್ಲು ಮುಗಿದದ್ದೇ ತಡ, ಎದುರು ಮನೆಯ ಅಜ್ಜಿ ಟ್ರ್ಯಾಕ್ಟರ್ ನಿಲ್ಲಿಸಿ ಹಸಿ ಭತ್ತವನ್ನೆಲ್ಲ ನನ್ನ ಅಂಗಳಕ್ಕೆ ಸುರಿಸಿದಳು, ಒಣಗಲಿ ಎಂದು. ಒಂದು ಮಾತು ಕೇಳಲೂ ಇಲ್ಲ. ಯಾಕೆ ಕೇಳಬೇಕು, ಅವಳದೇ ಮನೆಯಲ್ಲವೇ!

ನಾನು ಬೆಳಿಗ್ಗೆ ಹೊಸಪೇಟೆಯ ಆಫೀಸಿಗೆ ಹೊರಟರೆ ಸ್ಕೂಟರ್ ಹೊರತೆಗೆಯಲು ದಾರಿಯಿಲ್ಲ. ಸಂಜೆ ಬಂದರೆ ನಾಲ್ಕೈದು ಹೆಂಗಸರು ಮೊರ ಹಿಡಿದು ತೂರುತ್ತಿರುತ್ತಾರೆ, ಹೊಟ್ಟು ನಡುಮನೆಯವರೆಗೂ ಹಾರಿ ಬಂದಿರುತ್ತದೆ. ನನ್ನಾಕೆ ಕಟ್ಟೆಯ ಮೇಲೆ ಕೂತು ಅವರೊಂದಿಗೆ ನಗುತ್ತಿರುತ್ತಾಳೆ. ಆಮೇಲೆ ಕೆಮ್ಮುತ್ತಾಳೆ. ಒಂದೊಂದು ಕೆಮ್ಮಿಗೂ ನನ್ನ ಮೈ ಉರಿಯುತ್ತಿತ್ತು. ಕೆಂಪು ಧೂಳು ಬಿಟ್ಟು ಹಳದಿ ಧೂಳಿಗೆ ಬಂದು ಬಿದ್ದೆವಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. "ಇದೇನು ಕಣಾನ? ಮನುಷ್ಯಾರು ಇರೋ ಮನಿ ಇದು! ಎತ್ರಿ ಮೊದ್ಲು" ಎಂದು ಕೂಗಿಬಿಟ್ಟೆ.

ಅಜ್ಜಿ ಮೊರ ಕೆಳಗಿಟ್ಟಳು. "ಯಪ್ಪಾ, ನಮ್ಮದ ಮನಿ ಅಂತ ನೀನ ಅಂದಿದ್ದೆಲ್ಲಾ" ಎಂದಳು, ಅಷ್ಟೇ. ಕತ್ತಲಾಗುವುದರೊಳಗೆ ಒಂದು ಕಾಳೂ ಬಿಡದೆ ಬಳಿದು ಒಯ್ದರು. ನಾನು ಪೈಪು ಹಿಡಿದು ಅಂಗಳ ತೊಳೆದೆ. ಹೆಂಡತಿ ಆಮೇಲೆ ಕೆಮ್ಮಲಿಲ್ಲ. ಹೆಚ್ಚು ಮಾತೂ ಆಡಲಿಲ್ಲ, ಆದರೆ ಅದು ನನ್ನ ತಲೆಗೆ ಹೋಗಲಿಲ್ಲ.

ಆ ಭಾನುವಾರ ಕಂಪ್ಲಿಗೆ ಹೋಗಿ ಮಧ್ಯಾಹ್ನ ವಾಪಸಾದರೆ ಮನೆಗೆ ಬೀಗ. ಹುಡುಕುತ್ತಾ ಹೋದೆ. ಊರ ಹೊರಗಿನ ಡಾಂಬರು ರಸ್ತೆಯಲ್ಲಿ ಅಜ್ಜಿಯ ಭತ್ತ ಹರಡಿತ್ತು. ಅದರ ನಡುವೆ ನನ್ನ ಹೆಂಡತಿ ಮೂಗಿಗೆ ಸೆರಗು ಕಟ್ಟಿ, ಸೊಂಟಕ್ಕೆ ಉಬ್ಬಸದ ಪಂಪು ಸಿಕ್ಕಿಸಿಕೊಂಡು, ಬರಿಗಾಲು ಎಳೆಯುತ್ತಾ ಭತ್ತ ತಿರುವುತ್ತಿದ್ದಳು.

ಸ್ಕೂಟರ್ ಅಲ್ಲೇ ನಿಲ್ಲಿಸಿ ಓಡಿದೆ. "ತಲಿ ಕೆಟ್ಟೈತೇನು ನಿನಗ? ಯಾರ ಸಲುವಾಗಿ ಊರು ಬಿಟ್ಟು ಬಂದೆ ನಾನು?"

ಅವಳು ಸೆರಗು ಕೆಳಗೆಳೆದಳು. "ಊರು ಬಿಡೋವಾಗ ನನ್ನ ಕೇಳಿದ್ರೇನು? ಇವ್ರನ್ನ ಎಬ್ಬಿಸೋವಾಗರ ಕೇಳಿದ್ರೇನು? ನೀವು ಮುಂಜಾನಿ ಹೋದ್ರ ಸಂಜಿಗೆ ಬರ್ತೀರಿ. ಹಗಲೆಲ್ಲ ಆ ಸಿಮೆಂಟಿನ ಕೂಡ ಮಾತಾಡ್ಲೇನು?"

ಸಿಟ್ಟೂ ಬಂತು, ನಾಚಿಕೆಯೂ ಆಯಿತು.

"ಸಾಹೇಬ್ರ, ಚಪ್ಪಲಿ ಕಾಲಾಗ ಕಾಳಿನ ಮ್ಯಾಲೆ ನಿಂತೀರಿ" ಎಂದಳು ಅಜ್ಜಿ. "ಅತ್ಲಾಗ ಸರೀರಿ."

ನಾನು ಸರಿದು ನಿಂತೆ.