ನಾಲ್ಕು ಮನೆ ದಾಟಿ ಬಂದ ಸಾಯಬೀಣ್

ಕುಕ್ಕರಿನ ಮುಚ್ಚಳ ತೆಗೆದು, ಬೆಂದ ಕಡಲೆಯ ಕಾಳೊಂದನ್ನು ಹಿಚುಕಿ ನೋಡುತ್ತಿದ್ದಾಗ ಮಾಜಾಳಿಯಿಂದ ಫೋನು ಬಂತು. ಕೇರಿಯವರೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ನಮ್ಮ ಹಳೆಯ ನೆರೆಯಾಕೆ ಮಧ್ಯಾಹ್ನ ತೀರಿಕೊಂಡರಂತೆ. ಹೇಳಿದವರು ಅವರ ತಂಗಿ. ಫೋನಿಟ್ಟ ಮೇಲೆ ಕಡಲೆಯ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ನಾವು ಕಾರವಾರದಲ್ಲಿ ಬಾಡಿಗೆಗಿದ್ದ ಮನೆ, ಕೇರಿಯ ತುದಿಯಲ್ಲಿದ್ದ ಅವರ ಮನೆ, ಆ ವರ್ಷದ ಸಾಯಬೀಣ್...

ಸಾಯಬೀಣ್ ಎಂದರೆ ನಮ್ಮ ಕ್ರೈಸ್ತರ ಕೇರಿಯಲ್ಲಿ ಮನೆಯಿಂದ ಮನೆಗೆ ಹೋಗುವ ಮಾತೆ ಮರಿಯಮ್ಮನವರ ಮೂರ್ತಿ. ಒಂದೊಂದು ಮನೆಯಲ್ಲಿ ಒಂದು ದಿನ. ಸಂಜೆ ಜಪಸರದ ಪ್ರಾರ್ಥನೆ, ಆಮೇಲೆ ಎಲ್ಲರಿಗೂ ಬೇಯಿಸಿದ ಕಡಲೆ. ಮನೆಗಳ ಸರದಿಯನ್ನು ಯಾರೂ ತಪ್ಪಿಸುವಂತಿರಲಿಲ್ಲ.

ಆಗ ನನಗೆ ಚೊಚ್ಚಲು, ಐದು ತಿಂಗಳು. ಮಗುವಿನ ಹೃದಯ ಸರಿಯಾಗಿ ಬೆಳೆದಿಲ್ಲ, ಹುಟ್ಟಿದರೂ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ತೆಗೆಸಿಬಿಡಿ ಎಂದರು ಮನೆಯ ಹಿರಿಯರು. ಸೋಮವಾರ ಆಸ್ಪತ್ರೆಗೆ ಹೋಗುವುದೆಂದಾಯಿತು. ನಾನೂ ಬೇಡವೆನ್ನಲಿಲ್ಲ, ಹೆದರಿದ್ದೆ. ಶನಿವಾರ ಬಾವಿಕಟ್ಟೆಯಲ್ಲಿ ಮಾವಶಿಯ ಹತ್ತಿರ ಮಾತ್ರ ಹೇಳಿಕೊಂಡು ಅತ್ತೆ.

ಮರುದಿನ ಸಂಜೆ ಮೂರ್ತಿ ಅವರ ಮನೆಯಿಂದ ಪಕ್ಕದ ಮನೆಗೆ ಹೋಗಬೇಕಿತ್ತು. ಮಾವಶಿ ಅದನ್ನು ಎದೆಗವಚಿಕೊಂಡು, ದೀಪ ಹಚ್ಚಿ ಕಾಯುತ್ತಿದ್ದ ನಾಲ್ಕು ಮನೆ ದಾಟಿ ಸೀದಾ ನಮ್ಮಲ್ಲಿಗೆ ಬಂದರು. ಹಿಂದೆಯೇ ಪಕ್ಕದ ಮನೆಯಾಕೆ.

"ಎಂತ ಮಾವಶಿ ಇದು? ಇವತ್ತು ನಮ್ಮನೆ ಪಾಳಿ! ಕಡಲೆ ಬೇಯಿಸಿಟ್ಟಾಗದೆ!"

"ಇಲ್ಲಿಗೇ ತಗಂಡು ಬಾ. ಈ ಬಸುರಿಗೆ ಒಲೆ ಮುಂದೆ ನಿಲ್ಲೂಕಾಗೂದಿಲ್ಲ."

"ಪಾದ್ರಿಯವರಿಗೆ ಹೇಳ್ತೆ ನೋಡು."

"ಹೇಳು. ಬರ್ತಾ ಅವ್ರನ್ನೂ ಕರ್ಕಂಡು ಬಾ, ಜಪಕ್ಕೊಂದು ಗಂಡಸಿನ ದನಿ ಬೇಕಾಗದೆ."

ಮೂರ್ತಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು. "ಹೆಸರೆಂತ ಇಡ್ತೀಯೆ?"

"ಯಾರಿಗೆ?"

"ಹೊಟ್ಟೇಲಿದ್ದವ್ರಿಗೆ. ಹೆಸರಿಲ್ದೆ ದೇವರ ಹತ್ರ ಹ್ಯಾಂಗೆ ಬೇಡೂದು?"

"ಗಂಡೋ ಹೆಣ್ಣೋ ಗೊತ್ತಿಲ್ವಲ್ಲ ಮಾವಶಿ..."

"ಸಂತರಿಗೆ ಬರ ಬಂದದ್ಯಾ? ಎರಡು ಹೇಳು!"

ಗಂಡಾದರೆ ಜೆರಾರ್ಡ್, ಬಸುರಿಯರನ್ನು ಕಾಯುವ ಸಂತ. ಹೆಣ್ಣಾದರೆ ಅನ್ನಾ, ಮರಿಯಮ್ಮನವರ ತಾಯಿ. ಅಂದು ಇಡೀ ಜಪಸರವನ್ನು ಆ ಎರಡು ಹೆಸರಿಗೆ ಹೇಳಿದೆವು. ಕಡಲೆಯೂ ಬಂತು, ಪಕ್ಕದ ಮನೆಯಾಕೆಯೇ ಹೊತ್ತು ತಂದಳು. ಹೆಸರಿಟ್ಟ ಮೇಲೆ ಸೋಮವಾರದ ಬಸ್ಸು ಹತ್ತಲು ನನ್ನಿಂದಾಗಲಿಲ್ಲ. ಯಜಮಾನರೂ ಚಪ್ಪಲಿ ಬಿಚ್ಚಿ ನನ್ನ ಪಕ್ಕ ಕೂತುಬಿಟ್ಟರು.

ಅನ್ನಾ ಆರು ದಿನ ಇದ್ದಳು. ಆಸ್ಪತ್ರೆಯಲ್ಲೇ ಜ್ಞಾನಸ್ನಾನ ಮಾಡಿಸಿ ಹೆಸರಿಟ್ಟೆವು, ಮಗುವನ್ನು ಎತ್ತಿಕೊಂಡು ನಿಂತ ಮಾವಶಿಯೇ ಜ್ಞಾನತಾಯಿ. ನನ್ನ ಬೆರಳು ಹಿಡಿದಳು. ತುಸು ಹಾಲು ಕುಡಿದಳು. ಅಪ್ಪನ ಎದೆಯ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಮಲಗಿದಳು. ದೇವರು ಕೊಟ್ಟದ್ದು ಅಷ್ಟು. ಆ ಸೋಮವಾರ ಹೋಗಿಬಿಟ್ಟಿದ್ದರೆ ಅಷ್ಟೂ ಇರುತ್ತಿರಲಿಲ್ಲ.

ಆಮೇಲೆ ಅಂಕೋಲೆಗೆ ಬಂದೆವು, ಇನ್ನೊಬ್ಬ ಮಗಳು ಹುಟ್ಟಿದಳು. ನನಗೆ ನೋವಾದೀತೆಂದು ಮನೆಯಲ್ಲಿ ಯಾರೂ ಅನ್ನಾಳ ಹೆಸರೆತ್ತುತ್ತಿರಲಿಲ್ಲ. "ಆ ಸಲ" ಎನ್ನುತ್ತಿದ್ದರು, ಅಷ್ಟೇ. ಮಾವಶಿ ಮಾತ್ರ ವರ್ಷವರ್ಷವೂ ಅವಳು ಹುಟ್ಟಿದ ದಿನ ಫೋನು ಮಾಡಿ, "ನಮ್ಮ ಅನ್ನಾಗೆ ಎಷ್ಟಾಯ್ತೇ?" ಎಂದು ಕೇಳುತ್ತಿದ್ದರು. ಹನ್ನೊಂದು ಎಂದರೆ, "ಈಗ ನಿನ್ನ ಹತ್ರ ಜಡೆ ಹಾಕಿಸ್ಕಳ್ತಿರ್ಲಿಲ್ಲ ಬಿಡು" ಎಂದು ನಗುತ್ತಿದ್ದರು...

ಇನ್ನು ಆ ಫೋನು ಬರುವುದಿಲ್ಲ.

ಶಾಲೆಯಿಂದ ಬಂದ ಮಗಳು ನನ್ನ ಮುಖ ನೋಡಿ, "ಯಾರು ತೀರ್ಕೊಂಡ್ರು ಅಮ್ಮಾ?" ಎಂದಳು.

"ನಿನ್ನ ಅಕ್ಕನ ಜ್ಞಾನತಾಯಿ."

"ನಂಗ್ಯಾವ ಅಕ್ಕ?"

ಹಗ್ಗದ ಮೇಲೆ ಒಣಗಿದ್ದ ಬಟ್ಟೆಯನ್ನೆಲ್ಲ ತಂದು ನಮ್ಮಿಬ್ಬರ ನಡುವೆ ಸುರಿದೆ. "ಕೂತ್ಕ. ಮಡಚ್ತಾ ಹೇಳ್ತೆ" ಎಂದೆ.