ಸೇವಂತಿಗೆ ಹಾರದ ಮೇಲಿನ ಆಪಾದನೆ

ಬ್ಯಾಂಕಿನಲ್ಲಿ ರುದ್ರಮುನಿ ಸಹಿಯಿಲ್ಲದ ಚೆಕ್ಕನ್ನು ಮುಟ್ಟಿದವನಲ್ಲ. ಕೋಡಂಬಾಕ್ಕಂನ ಮನೆಯಲ್ಲಿ ಮಾತ್ರ ಹೆಂಡತಿಯನ್ನು ಕೇಳದೆ ಅವಳ ಕಂಪ್ಯೂಟರನ್ನು ಮುಟ್ಟಿದ.

ಕೋಮಲಾ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತಾಳೆ. ಕತ್ತರಿಸಿದ ತುಣುಕುಗಳನ್ನು ಕಂಪ್ಯೂಟರ್ ಒಂದೇ ವಿಡಿಯೊ ಆಗಿ ಹೊಸೆಯುವ ರೆಂಡರಿಂಗಿಗೆ ಗಂಟೆಗಟ್ಟಲೆ ಬೇಕು. “ಮದುಮಕ್ಕಳ ಸಂಸಾರ ಶುರುವಾದ್ರೂ ರೆಂಡರಿಂಗ್ ಮುಗಿಯಲ್ಲ ರೀ” ಎಂದು ಗೊಣಗುತ್ತಿದ್ದಳು. ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಜೋರಾಗಿ ಓಡಿಸಬಹುದು, ಅದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ ಎಂದು ರುದ್ರಮುನಿ ಯೂಟ್ಯೂಬಿನಲ್ಲಿ ಕಲಿತ. ಅವಸರಪಡಲಿಲ್ಲ. ಧೂಳು ಒರೆಸಿದ, ವೋಲ್ಟೇಜಿನ ಗೊಡವೆಗೆ ಹೋಗಲಿಲ್ಲ, ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಪ್ರತಿ ಸಲವೂ ಬಿಸಿ ಎಷ್ಟೆಂದು ನೋಡಿದ. ಹಬ್ಬ ಕಳೆದ ಮೇಲೆ ಹೇಳಿ ಅಚ್ಚರಿಪಡಿಸಬೇಕೆಂದಿದ್ದ. ಹಬ್ಬವನ್ನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಅವನ ತಾಯಿ ಶಂಕ್ರಮ್ಮ ಪ್ರತಿ ವರ್ಷದಂತೆ ಮಿಕ್ಸಿ, ಸ್ಕೂಟರ್ ಮುಗಿಸಿ ಕಂಪ್ಯೂಟರಿಗೆ ಬಂದರು. ಪೆಟ್ಟಿಗೆಗೆ ವಿಭೂತಿ ಬಳಿದು, ಗಾಳಿ ಎಳೆಯುವ ಮುಂಜಾಲರಿಯ ಮೇಲೆ ದಪ್ಪ ಸೇವಂತಿಗೆ ಹಾರ ಇಳಿಬಿಟ್ಟರು. ಆಯುಧಗಳಿಗೆ ಅಂದು ರಜೆ. ಆದರೆ ಪೆರುಂಗುಡಿಯ ತಮಿಳು ಮದುಮಗಳೊಬ್ಬಳ ವಿಡಿಯೊ ಸಂಜೆಯ ರಿಸೆಪ್ಷನ್ನಿಗೆ ಬೇಕಿತ್ತು. ಪೂಜೆ ಮುಗಿದದ್ದೇ ಕೋಮಲಾ ಕೆಲಸಕ್ಕೆ ಕೂತಳು. ಅರ್ಧದಲ್ಲಿ ಪರದೆ ಕಪ್ಪಾಯಿತು. ಮತ್ತೆ ಹಚ್ಚಿದಳು, ಮತ್ತೆ ಕಪ್ಪಾಯಿತು. ರಿಸೆಪ್ಷನ್ ವಿಡಿಯೊ ಇಲ್ಲದೆಯೇ ಮುಗಿಯಿತು.

ಶಂಕ್ರಮ್ಮ ಹಾರವನ್ನು ತೆಗೆದು ಕೈಯಲ್ಲಿ ಹಿಡಿದರು. “ನನ್ನ ಹೂವಾ ಅದರ ಉಸಿರು ಕಟ್ಟಿಸ್ತೇನವಾ?”

“ಪರವಾಯಿಲ್ಲ ಬಿಡ್ರಿ ಅತ್ತಿ” ಎಂದ ಕೋಮಲಾ ಗಂಡನ ಕಡೆ ತಿರುಗಿದಳು. “ಹೂವಿಂದಲೇ ಅಲ್ವಾ ರೀ?”

“ಹ್ಞೂಂ… ಗಾಳಿ ಆಡಿಲ್ಲ” ಎಂದ ರುದ್ರಮುನಿ. ಅದು ಅರ್ಧ ಸತ್ಯ.

ಮರುದಿನ ವೇಗವನ್ನು ಮೊದಲಿನಂತೆ ಇಳಿಸಿ, ಬಾಡಿದ ಅದೇ ಹಾರವನ್ನು ಅದೇ ಜಾಗಕ್ಕೆ ಹಾಕಿ, ಅದೇ ವಿಡಿಯೊ ಓಡಿಸಿದ. ತಣ್ಣಗೆ ಮುಗಿಯಿತು. ಅವನಿಗೆ ಮಾತ್ರ ಬೆವರು ಕಿತ್ತುಕೊಂಡಿತು.

ಶುಕ್ರವಾರ ಶಂಕ್ರಮ್ಮ ಹೂವಿನ ಪೊಟ್ಟಣವನ್ನು ಬಿಚ್ಚದೆ ಸೊಸೆಯ ಮುಂದೆ ಇಟ್ಟರು. “ದೇವರ ಫೋಟೋಕ್ಕ ನೀನಾ ಏರ್ಸವಾ. ನನ್ನ ಕೈಗುಣ ಚಲೋ ಇಲ್ಲ.”

ವಿಷಯ ಕೇಳಿದ ಪಕ್ಕದ ಮನೆಯವರು “ಪಾಪ” ಎಂದರು. ಪಾಪ ಮಗನದ್ದೆಂದು ಅವರಿಗೆ ಗೊತ್ತಿರಲಿಲ್ಲ. ಚರ್ಚಿನಲ್ಲಾದರೆ ತಪ್ಪೊಪ್ಪಿಗೆಗೆ ಪರದೆ ಹಾಕಿದ ಪೆಟ್ಟಿಗೆ ಇರುತ್ತದೆ. ಇಲ್ಲಿದ್ದ ಕಂಪ್ಯೂಟರ್ ಪೆಟ್ಟಿಗೆಯೇ ಸಾಕ್ಷಿ.

“ಅವ್ವಾ, ಹೂವಿನ ತಪ್ಪಲ್ಲ” ಎಂದು ಶುರುಮಾಡಿದ ರುದ್ರಮುನಿ ಎಲ್ಲವನ್ನೂ ಹೇಳಿಬಿಟ್ಟ.

“ಅಂದ್ರ, ಸುಮ್ಮನ ನಡಕೊಂಡ ಹೊಂಟಿದ್ದನ್ನ ನೀ ಓಡ್ಸಿದಿ?”

“ಹೌದವ್ವಾ.”

“ಅದರ ಮ್ಯಾಲ ನಾ ಮೂಗು ಮುಚ್ಚಿದೆ. ಅದು ಬಿದ್ದದ್ದರಾಗ ಏನ್ ಆಶ್ಚರ್ಯ? ಆದ್ರ ಇಷ್ಟು ದಿನ ನಾ ಹೂವು ಮುಟ್ಟಲಿಕ್ಕೆ ಅಂಜಿದ್ನಲ್ಲೋ, ಅದನ್ನ ನೀ ನೋಡ್ಕೋತ ಕೂತಿದ್ಯಲ್ಲ!”

ಶಂಕ್ರಮ್ಮ ಪೊಟ್ಟಣ ಬಿಚ್ಚಿ ಫೋಟೋಕ್ಕೆ ಹೂವು ಏರಿಸಿದರು. ಒಂದು ತುಂಡು ಉಳಿಸಿಕೊಂಡು ಕಂಪ್ಯೂಟರಿನ ಮುಂದೆ ನಿಂತರು. “ಉಸಿರಾಡೋ ಜಾಗ ಯಾವುದು, ತೋರ್ಸು.” ಅವನು ತೋರಿಸಿದ. ಆ ಜಾಗ ಬಿಟ್ಟು, ಪೆಟ್ಟಿಗೆಯ ನೆತ್ತಿಯ ಮೂಲೆಯಲ್ಲಿ ಇಟ್ಟರು.

ಎಲ್ಲವನ್ನೂ ಕೇಳಿಸಿಕೊಂಡ ಕೋಮಲಾ ಒಂದು ನಂಬರ್ ಒತ್ತಿ ಫೋನನ್ನು ಗಂಡನಿಗೆ ಚಾಚಿದಳು. “ಆ ಪೆರುಂಗುಡಿ ಹುಡುಗಿಗೆ ಅತ್ತಿ ಹೂವಿನ ಹೆಸರು ಹೇಳಿ ಸಾರಿ ಕೇಳಿದ್ದೆ. ಈಗ ನಿಮ್ಮ ಹೆಸರು ಹೇಳಿ ನೀವು ಕೇಳಿ. ತಮಿಳಲ್ಲಿ.”

ಆ ಕಡೆ ರಿಂಗಾಗುತ್ತಿತ್ತು. ರುದ್ರಮುನಿಯ ಕಿವಿ ಸುಡುತ್ತಿತ್ತು. ತಲೆಯ ಮೇಲೆ ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತು. ಅದಕ್ಕೆ ಯಾವ ಹಾರವೂ ಅಡ್ಡವಿರಲಿಲ್ಲ.