ಸಂತ ಕ್ಲಾರಾಳ ಕೌಂಟಿಯಲ್ಲಿ ಒಂದು ಬೆಂಚು

ನಮ್ಮ ಕ್ಯುಪರ್ಟಿನೋದಲ್ಲಿ ಕೊತ್ತಂಬರಿ ಸೊಪ್ಪು ತರಲು ಹೊರಟರೂ ಸಾಕು, ಕಾರಿನೊಳಗೆ ದಾರಿ ಹೇಳುವ ದನಿ ಸಂತರ ನಾಮಾವಳಿಯನ್ನೇ ಪಠಿಸತೊಡಗುತ್ತದೆ: ಸ್ಯಾನ್ ಹೋಸೆಗೆ ಎಡಕ್ಕೆ, ಸಾಂತಾ ಕ್ಲಾರಾಗೆ ಬಲಕ್ಕೆ. ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ಬೆಳೆದ ನನ್ನ ಕಿವಿಗೂ ಇಷ್ಟೊಂದು ಪುಣ್ಯನಾಮಗಳು ಒಟ್ಟಿಗೆ ಬಿದ್ದದ್ದಿಲ್ಲ. ಸಾಂತಾ ಕ್ಲಾರಾ ಕೌಂಟಿಯ, ಅಂದರೆ ಜಿಲ್ಲೆಯ, ನಿವಾಸಿಯೆಂದು ಇಪ್ಪತ್ತು ವರ್ಷ ಅರ್ಜಿಗಳಲ್ಲಿ ತುಂಬುತ್ತ ಬಂದ ನಾನು ಈ ಕ್ಲಾರಾ ಯಾರೆಂದು ಒಮ್ಮೆಯೂ ಕೇಳಿಕೊಂಡವನಲ್ಲ. ಇಲ್ಲಿನ ಮನೆಗಳ ಬೆಲೆ ನೋಡಿ, ಯಾರೋ ಹಳೆಯ ಕಾಲದ ಜಮೀನ್ದಾರಿಣಿ ಇರಬೇಕೆಂದು ನನ್ನ ಪಾಂಡಿತ್ಯ ತೀರ್ಮಾನಿಸಿಬಿಟ್ಟಿತ್ತು.

ಆ ತೀರ್ಮಾನವನ್ನು ಮುರಿದವರು ನಮ್ಮ ಟೌನ್‌ಹೌಸುಗಳ ಸಾಲಿನ ಕೊನೆಯ ಮನೆಯ ಕ್ಲಾರಾಬಾಯಿ. ಎಪ್ಪತ್ತು ದಾಟಿದ ಮಂಗಳೂರಿನ ಕೊಂಕಣಿ ಹೆಂಗಸು, ಮಗಳು ಐರಿನ್ ಜೊತೆ ನಾಲ್ಕು ವರ್ಷಗಳಿಂದ ಇಲ್ಲಿದ್ದಾರೆ. ಬೆಳಿಗ್ಗೆ ಗೇಟಿನ ಬಳಿಯ ಬೆಂಚಿನಲ್ಲಿ ಕೂತು ಜಪಮಾಲೆ ಎಣಿಸುವುದು ಅವರ ರೂಢಿ. ಅಲ್ಲಿಗೆ ಡೋನಾ ಬರತೊಡಗಿದಳು. ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಬಾಡಿಗೆ ಕೈಮೀರಿ, ಪಕ್ಕದ ಬೀದಿಯಲ್ಲಿ ನಿಲ್ಲಿಸಿದ ಹಳೆಯ ವ್ಯಾನಿನಲ್ಲಿ ವಾಸ, ಮಂಡಿ ನೋವು ಬೇರೆ. ನಾವೆಲ್ಲ ‘ಬಾಯಿ’ ಎನ್ನುವ ಕ್ಲಾರಾಬಾಯಿ ಅವಳಿಗೆ ಇಡ್ಲಿಯಂಥ ಬಿಸಿ ಸಾನ್ನ, ಚಹಾ ಕೊಡುತ್ತಿದ್ದರು. ಒಬ್ಬಳದು ಇಂಗ್ಲಿಷ್, ಇನ್ನೊಬ್ಬರದು ಕೊಂಕಣಿ. ಆದರೂ ಇಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದರು.

ಒಂದು ದಿನ ನಿವಾಸಿಗಳ ಸಂಘದಿಂದ ನೋಟೀಸು ಬಂತು. ಅದರ ಸೌಜನ್ಯವೇ ನನ್ನನ್ನು ಮೊದಲು ಕೆರಳಿಸಿದ್ದು. ‘ಎಲ್ಲರ ನೆಮ್ಮದಿಯ ದೃಷ್ಟಿಯಿಂದ’ ಹೊರಗಿನವರಿಗೆ ಆಹಾರ ಕೊಡಬಾರದಂತೆ, ಬೆಂಚನ್ನೂ ಕಿತ್ತುಹಾಕುವ ಬಗ್ಗೆ ಶನಿವಾರ ಮತದಾನವಂತೆ. ಹಸಿದವಳಿಗೆ ಸಾನ್ನ ಕೊಟ್ಟರೆ ಕೆಡುವಂಥ ನೆಮ್ಮದಿ ಅದೆಂಥದು? ಹೀಗೆ ಮನೆಯೊಳಗೆ ಹೆಂಡತಿಯೆದುರು ಗುಡುಗಿದ ನಾನು, ಶನಿವಾರದ ಸಭೆಯಲ್ಲಿ ಎಲ್ಲರಿಗೂ ಮುಗುಳ್ನಗುತ್ತ ಕಾಫಿ ಹಿಡಿದು ಕೂತೆ.

ಕರುಣೆ ಒಳ್ಳೆಯದೇ, ಆದರೆ ಅದಕ್ಕೆ ಬೇರೆ ಜಾಗಗಳಿವೆ ಎಂದು ಅಧ್ಯಕ್ಷರು ಮಾತು ಮುಗಿಸುತ್ತಿದ್ದಂತೆ ಕ್ಲಾರಾಬಾಯಿ ಎದ್ದು ನಿಂತರು. ಮುಜುಗರದಿಂದ ಐರಿನ್ ತಾಯಿಯ ಸೆರಗು ಜಗ್ಗಿದಳು. ಬಾಯಿ ನನ್ನತ್ತ ತಿರುಗಿ, “ಭಟ್ರೇ, ನಾನು ಕನ್ನಡದಲ್ಲಿ ಹೇಳ್ತೇನೆ, ನೀವು ಇವರಿಗೆ ಇಂಗ್ಲಿಷಿನಲ್ಲಿ ಹೇಳಿ,” ಎಂದು ಶುರುಮಾಡಿದರು.

“ನನಗೂ ನಿಮ್ಮ ಕೌಂಟಿಗೂ ಒಂದೇ ಸಂತಳ ಹೆಸರು ಇಟ್ಟದ್ದು. ಅವಳು ಅಸ್ಸಿಸಿ ಊರಿನ ದೊಡ್ಡ ಮನೆಯ ಹುಡುಗಿ. ತನ್ನ ಪಾಲಿನ ಆಸ್ತಿ ಬಡವರಿಗೆ ಕೊಟ್ಟು, ತಲೆಕೂದಲು ಕತ್ತರಿಸಿ, ಸಂತ ಫ್ರಾನ್ಸಿಸರ ದಾರಿ ಹಿಡಿದಳು. ಮನೆಯವರು ಎಳ್ಕೊಂಡು ಹೋಗ್ಲಿಕ್ಕೆ ಬಂದ್ರೆ ಅಲ್ತಾರಿನ, ಅಂದ್ರೆ ಇಗರ್ಜಿಯ ಪೂಜೆ ಪೀಠದ, ಬಟ್ಟೆ ಹಿಡಿದು ಬೋಳುತಲೆ ತೋರಿಸಿದಳು. ಪೋಪರೇ ‘ಮಠಕ್ಕೆ ಸ್ವಲ್ಪ ಆಸ್ತಿ ಇರಲಿ’ ಅಂದ್ರೂ ಒಪ್ಲಿಲ್ಲ. ಏನೂ ಇಲ್ಲದೆ ಬದುಕುವ ಹಕ್ಕು ಬೇಕೂಂತ ಜೀವಮಾನ ಇಡೀ ಹಟ ಹಿಡಿದು, ಸಾಯುವ ಮೊದಲು ಅದನ್ನು ಪಡೆದಳು. ಅವಳ ಹೆಸರಿನ ಊರಿನಲ್ಲಿ ಒಂದು ಮುದುಕಿ ಕೂತ್ಕೊಳ್ಳುವ ಬೆಂಚು ಕೀಳ್ತೀರಲ್ಲ, ನಿಮಗೆ ನಾಚಿಕೆ ಆಗುವುದಿಲ್ವಾ?”

ಎಲ್ಲರೂ ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, ಇವರಿಗೆ ಸ್ವಲ್ಪ ಬೇಸರವಾಗಿದೆ, ದಯವಿಟ್ಟು ಪುನರಾಲೋಚಿಸಬೇಕಂತೆ ಎಂದು ನಯವಾದ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಕೊಟ್ಟ ಕೆಂಡವನ್ನು ಬೂದಿ ಮಾಡಿ ಬಡಿಸಿದ್ದೆ.

ನಾಲ್ಕು ವರ್ಷದಲ್ಲಿ ಬಾಯಿಗೆ ಅಷ್ಟು ಇಂಗ್ಲಿಷ್ ಅರ್ಥವಾಗತೊಡಗಿತ್ತು. “ಭಟ್ರೇ, ನಾನು ಅಷ್ಟುದ್ದ ಹೇಳಿದ್ದು ಇಷ್ಟು ಗಿಡ್ಡ ಹೇಗಾಯ್ತು? ಬೇಸರ ಅಂತ ನಾನು ಎಲ್ಲಿ ಹೇಳಿದೆ? ನಾಚಿಕೆ ಅಂತ ಹೇಳಿದ್ದು. ಅದಕ್ಕೆ ಇಂಗ್ಲಿಷಿನಲ್ಲಿ ಶಬ್ದ ಇಲ್ವಾ?”

ಶಬ್ದವಿತ್ತು, ಇಲ್ಲದ್ದು ನನ್ನ ಧೈರ್ಯ. ಕಿವಿ ಬಿಸಿಯಾಗಿ ಎದ್ದು ನಿಂತು, ಈ ಸಲ ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದೆ. ಕೊನೆಯ ವಾಕ್ಯವನ್ನು ಆಕೆಯದೇ ದನಿಯಲ್ಲಿ, ಎರಡು ಸಲ. ಸಭೆ ಗಮನವಿಟ್ಟು ಕೇಳಿತು. ಆಮೇಲೆ ಮತ ಹಾಕಿ ಬೆಂಚನ್ನು ತೆಗೆಯಲು ನಿರ್ಧರಿಸಿತು. ಮನೆ ಮಗಳ ಹೆಸರಿನಲ್ಲಿದ್ದುದರಿಂದ ಬಾಯಿಗೆ ಮತವಿರಲಿಲ್ಲ. ವಿರುದ್ಧ ಎದ್ದ ಕೈಗಳು ಮೂರೇ: ನನ್ನದು, ನನ್ನ ಹೆಂಡತಿಯದು, ತಲೆ ತಗ್ಗಿಸಿಕೊಂಡಿದ್ದ ಐರಿನ್‌ಳದು.

ಮಂಗಳವಾರ ಬೆಂಚು ಹೋಯಿತು. ಬುಧವಾರ ಬೆಳಿಗ್ಗೆ ಪಾಲೋ ಆಲ್ಟೋದ ಆಫೀಸಿಗೆ ಹೊರಟವನು ಗೇಟಿನಾಚೆ ಕಾರು ನಿಲ್ಲಿಸಿದೆ. ಸಂಘದ ಅಧಿಕಾರ ಮುಗಿದು ಸಾರ್ವಜನಿಕ ಕಾಲುದಾರಿ ಶುರುವಾಗುವಲ್ಲಿ ದಾರಿಗೆ ಅಡ್ಡವಾಗದಂತೆ ಐರಿನ್‌ಳ ಊಟದ ಮನೆಯ ಎರಡು ಕುರ್ಚಿಗಳು. ಒಂದರಲ್ಲಿ ಬಾಯಿ, ಇನ್ನೊಂದರಲ್ಲಿ ಡೋನಾ.

“ಮಗಳೇ ಹೊತ್ತುಕೊಂಡು ಬಂದು ಹಾಕಿದ್ದು,” ಎಂದರು ಬಾಯಿ. “ಬನ್ನಿ ಭಟ್ರೇ, ಕೂತ್ಕೊಳ್ಳಿ.”

ಮೂರನೆಯ ಕುರ್ಚಿ ಇರಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ರಸ್ತೆಯಂಚಿನ ಕಲ್ಲಿನ ಮೇಲೆ ಕೂತೆ. ಆಫೀಸಿನ ಮೀಟಿಂಗು ಶುರುವಾಗಿ, ಜೇಬಿನಲ್ಲಿ ಫೋನು ನಡುಗುತ್ತಿತ್ತು. ಡೋನಾ ನನ್ನನ್ನು ಒಮ್ಮೆ ನೋಡಿ, ತನ್ನ ತಟ್ಟೆಯ ಸಾನ್ನವನ್ನು ಎರಡಾಗಿ ಮುರಿದು, ದೊಡ್ಡ ತುಂಡನ್ನು ನನ್ನತ್ತ ಚಾಚಿದಳು. ಮನೆಯಲ್ಲಿ ಹೊಟ್ಟೆತುಂಬ ತಿಂದು ಬಂದಿದ್ದ ನಾನು ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡೆ.